ಗಂಟಲಲ್ಲಿ ಕೂತ ಮೊಟ್ಟೆ

ಕಂಡಕ್ಟರನ ಗಂಟಲಿನ ಗಂಟು ಮೇಲೆ ಹೋಯಿತು, ಕೆಳಗೆ ಬಂತು, ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ನೀರು ಸುರಿದುಕೊಳ್ಳುತ್ತಿದ್ದಾನೆ, ಒಂದೊಂದು ಗುಟುಕಿಗೂ ಅದು ಚರ್ಮದ ಕೆಳಗೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ — ಹೀಗೆ ದಿಟ್ಟಿಸಬಾರದು, ಐವತ್ತು ದಾಟಿದ ಗಂಡಸು ಇನ್ನೊಬ್ಬ ಗಂಡಸಿನ ಕತ್ತನ್ನೇ ನೋಡುತ್ತ ಕೂತರೆ ಪಕ್ಕದ ಸೀಟಿನ ಹೆಂಗಸು ಏನಂದುಕೊಂಡಾಳು, ಆದರೆ ಚಿಕ್ಕಂದಿನ ಚಾಳಿ, ಬಿಟ್ಟಿಲ್ಲ, ಬೇರೆಯವರು ಎದುರಿಗೆ ಬಂದವರ ಮುಖ ನೋಡುತ್ತಾರೆ, ಚಪ್ಪಲಿ ನೋಡುತ್ತಾರೆ, ನಾನು ಕತ್ತು ನೋಡುತ್ತೇನೆ. ಭದ್ರಾವತಿ ಭದ್ರಾವತಿ, ಹಿಂದೆ ಸರ್ಕೊಳ್ರೀ, ಜಾಗ ಐತೆ, ಎಂದು ಕೂಗುತ್ತ ಅವನು ಬಾಟಲಿಯನ್ನು ಕಿಟಕಿ ಸಂದಿಗೆ ಸಿಕ್ಕಿಸಿದ, ಬಸ್ಸು ಮಲವಗೊಪ್ಪದ ಹತ್ತಿರ ಬಂತು, ಮೊಬೈಲು ತೊಡೆಯ ಮೇಲೆ ಮತ್ತೊಮ್ಮೆ ನಡುಗಿತು. ಪ್ರಿಯದರ್ಶಿನಿ ಮೇಡಂ, ಶಾಲೆಯ ಕನ್ನಡ ಟೀಚರು, ಸರ್ ಎಲ್ಲಿದ್ದೀರಿ, ಮಕ್ಕಳು ಕೇಳೋ ಪ್ರಶ್ನೆ ಮೊದ್ಲೇ ಕಳಿಸಿದ್ದೀನಿ, ನೋಡ್ಕೊಂಡ್ರಾ. ನೋಡಿಕೊಂಡೆ ತಾಯಿ, ನಿನ್ನೆಯಿಂದ ಅದನ್ನೇ ನೋಡುತ್ತಿದ್ದೇನೆ — ಮಕ್ಕಳು ದೊಡ್ಡವರಾಗುವ ಕಥೆಗಳನ್ನೇ ನೀವು ಏಕೆ ಬರೆಯುತ್ತೀರಿ. ಉತ್ತರ ನನ್ನ ಬಳಿ ಇಲ್ಲದಿಲ್ಲ, ಇಸ್ತ್ರಿ ಮಾಡಿ ಮಡಚಿಟ್ಟದ್ದು ಇದೆ, ಮಕ್ಕಳ ಮನಸ್ಸು ಹೂವಿನಂಥದ್ದು, ಮಕ್ಕಳೇ ನಾಳಿನ ನಾಡು, ಎಷ್ಟು ಶಾಲೆಗಳಲ್ಲಿ ಹೇಳಿದ್ದೇನೆ, ಹೇಳಲು ಶುರು ಮಾಡಿದ ಕೂಡಲೇ ಮೊದಲ ಸಾಲಿನ ಮಕ್ಕಳು ಕಾಲ್ಬೆರಳು ಎಣಿಸಲು ತೊಡಗುತ್ತಾರೆ, ಕೊನೆಯಲ್ಲಿ ಚಪ್ಪಾಳೆ, ಶಾಲು, ಒಂದು ಗಣಪತಿಯ ಮೂರ್ತಿ. ಹೊಸಮನೆ ಬಡಾವಣೆಯ ನಮ್ಮ ಮನೆಯ ಶೋಕೇಸಿನಲ್ಲಿ ಗಣಪತಿಗಳೇ ತುಂಬಿದ್ದಾರೆ. ಬೆಳಿಗ್ಗೆ ಹೊರಡುವಾಗ ಹೆಂಡತಿ ಅಂದಳು, ಮಾರಾಯ್ರೇ, ಇವತ್ತಾದ್ರೂ ಭಾಷಣ ಬಿಗೀಬೇಡಿ, ಆ ಮಗೀಗೆ ಏನಾಗಿದೆ ಅಂತ ನೋಡ್ಕೊಂಡು ಬನ್ನಿ, ಅಷ್ಟು ಸಾಕು.

ಆ ಮಗು ಎಂದರೆ ಅಕ್ಷರಾ, ನನ್ನ ತಂಗಿ ಸ್ಫೂರ್ತಿಯ ಮಗಳು, ಎಂಟನೇ ಕ್ಲಾಸು, ಇವತ್ತು ನಾನು ಹೋಗುತ್ತಿರುವ ಶಾಲೆಯಲ್ಲೇ ಓದುತ್ತಾಳೆ. ಕಾರ್ಯಕ್ರಮ ಒಂದು ನೆಪ, ಸ್ಫೂರ್ತಿಯೇ ಮೇಡಂಗೆ ಹೇಳಿ ನನ್ನನ್ನು ಕರೆಸುತ್ತಿದ್ದಾಳೆ. ಅಣ್ಣ, ಅವ್ಳು ಮಾಸ್ಕ್ ತೆಗೀತಿಲ್ಲ ಕಣೋ, ಅಂತ ಮೊದಲ ಸಲ ಫೋನಿನಲ್ಲಿ ಹೇಳಿದಾಗ ನಾನು ನಕ್ಕೆ, ಕೊರೊನಾ ಹೋಗಿ ಎಷ್ಟು ಕಾಲವಾಯಿತು, ಊರಿನವರೆಲ್ಲ ಮಾಸ್ಕನ್ನು ಸ್ಕೂಟರ್ ಒರೆಸಲು ಇಟ್ಟುಕೊಂಡಿದ್ದಾರೆ, ಇವಳೊಬ್ಬಳು ಯಾಕೆ ಎಂದೆ. ಮಧ್ಯದಲ್ಲಿ ಬಿಟ್ಟಿದ್ಲು ಅಣ್ಣ, ಈಗ ದಸರಾ ರಜೆ ಆದ್ಮೇಲೆ ಮತ್ತೆ ಹಾಕ್ಕೊಂಡಿದಾಳೆ, ಕೇಳಿದ್ರೆ ಧೂಳು ಅಂತಾಳೆ, ಡಾಕ್ಟ್ರಿಗೆ ತೋರ್ಸಿದ್ವಿ, ಏನೂ ಇಲ್ಲ ಅಂದ್ರು. ಆಮೇಲಿನ ಫೋನಿನಲ್ಲಿ ಅವಳ ದನಿ ಬೇರೆಯಾಗಿತ್ತು. ಶಾಲೇಲಿ ಬಿಸಿಯೂಟಕ್ಕೆ ಕೂರ್ತಿಲ್ವಂತೆ, ತಟ್ಟೇನ ಪಕ್ಕದವರಿಗೆ ತಳ್ಳಿಬಿಡ್ತಾಳಂತೆ, ನೀರೂ ಕುಡಿಯಲ್ವಂತೆ, ಮೊನ್ನೆ ಪ್ರಾರ್ಥನೆ ಹೊತ್ತಲ್ಲಿ ತಲೆ ತಿರುಗಿ ಬಿದ್ಲು, ಬಿದ್ದಾಗ ಎತ್ತೋಕೆ ಹೋದ್ರೆ ಎರಡೂ ಕೈಯಲ್ಲಿ ಮಾಸ್ಕ್ ಹಿಡ್ಕೊಂಡಿದ್ಲಂತೆ. ನೀನು ಮಕ್ಕಳ ಸಾಹಿತಿ ಅಲ್ವಾ, ನೀನೇ ಕೇಳು. ಇಲ್ಲಿ ನನ್ನ ಬಂಡವಾಳ ಬಯಲಾಗುತ್ತದೆ, ನನಗೆ ಮಕ್ಕಳ ಜೊತೆ ಮಾತನಾಡಲು ಬರುವುದಿಲ್ಲ, ಕಾಗದದ ಮೇಲಿನ ಮಕ್ಕಳ ಜೊತೆ ಎಷ್ಟು ಬೇಕಾದರೂ, ಎದುರಿಗೆ ಕೂತ ಮಗುವಿಗೆ ಮಾತ್ರ ಯಾವ ಕ್ಲಾಸು ಪುಟ್ಟ ಎಂದು ಕೇಳಿ ಸುಮ್ಮನಾಗುತ್ತೇನೆ. ಅಕ್ಷರಾಳಿಗೂ ಅದನ್ನೇ ಕೇಳುತ್ತ ಬಂದಿದ್ದೇನೆ. ಏನಿದೆ ಆ ಮಾಸ್ಕಿನ ಕೆಳಗೆ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ, ಯಾಕೆಂದರೆ ನನ್ನನ್ನೂ ಕೇಳಿದ್ದರು, ಏನೋ ಅದು ಕತ್ತಿಗೆ ಟವೆಲ್ಲು, ತೆಗಿಯೋ, ಈ ಬಿಸಿಲಲ್ಲಿ ಯಾವ ಶೀತ ನಿಂಗೆ. ಕೇಳಿದಷ್ಟೂ ನಾನು ಬಿಗಿಯಾಗಿ ಸುತ್ತಿಕೊಂಡೆ.

ಆಗ ನಾನೂ ಎಂಟನೇ ಕ್ಲಾಸು, ನಾವು ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿದ್ದೆವು, ಒಂದೇ ಗೋಡೆಗೆ ಎರಡು ಮನೆ, ಗೋಡೆಯ ಆಚೆ ತಮಿಳಿನ ಸೆಲ್ವಿಯಕ್ಕ, ಈಚೆ ನಾವು, ಎದುರಿಗೆ ತೆಲುಗಿನವರು, ಕಾರ್ಖಾನೆಯ ಸೈರನ್ ಆದರೆ ಮೂರು ಭಾಷೆಯ ಅಡುಗೆಮನೆಗಳೂ ಒಟ್ಟಿಗೇ ಗಡಿಬಿಡಿಗೆ ಬೀಳುತ್ತಿದ್ದವು. ನನ್ನ ನಂತರ ಎಷ್ಟೋ ವರ್ಷ ಮಕ್ಕಳಾಗದೆ ಅಮ್ಮ ಮತ್ತೆ ಬಸುರಾಗಿದ್ದಳು, ಹೆರಿಗೆಗೆಂದು ಹೊಳೆಹೊನ್ನೂರಿನ ತವರಿಗೆ ಹೋಗಿದ್ದಳು, ಹೊಟ್ಟೆಯಲ್ಲಿದ್ದವಳು ಈ ಸ್ಫೂರ್ತಿಯೇ. ಅಮ್ಮ ಇಲ್ಲದ ಮನೆ ನಡೆಸಲು ಅಪ್ಪನ ತಾಯಿ ಶಾಂತಮ್ಮಜ್ಜಿ ಬಂದಿಳಿದಳು, ಹೆಸರಿಗಷ್ಟೇ ಶಾಂತಮ್ಮ, ದನಿ ಎತ್ತಿದರೆ ಸೈರನ್ನೇ ಬೇಡ, ಅಗಲ ಭುಜ, ಮೇಲ್ದುಟಿಯ ಮೇಲೆ ಕಪ್ಪಗೆ ಒಂದು ಸಾಲು ಕೂದಲು, ಬೈಯುವಾಗ ಅದರ ಮೇಲೆ ಬೆವರ ಹನಿ ನಿಲ್ಲುತ್ತಿತ್ತು, ಮುದ್ದು ಮಾಡಿದರೆ ಕೆನ್ನೆಗೆ ಚುಚ್ಚುತ್ತಿತ್ತು. ಲಿಂಗಪೂಜೆ ಆಗದೆ ನೀರು ಮುಟ್ಟದವಳು. ನಾನು ಕಡ್ಡಿಯಂತಿದ್ದೆ, ಆಸ್ಪತ್ರೆಯ ಡಾಕ್ಟರು ಅಪ್ಪನಿಗೆ ಹೇಳಿದ್ದರು, ಷಡಕ್ಷರಪ್ಪ, ಹುಡುಗನಿಗೆ ಮೊಟ್ಟೆ ಕೊಡಿ, ಟಾನಿಕ್‌ನಿಂದ ಆಗೋದಲ್ಲ ಇದು. ಅಪ್ಪ ಎರಡು ದಿನ ಬಿಟ್ಟು, ಔಷಧ ಅಂದ್ಮೇಲೆ ಔಷಧ, ನಮ್ಮ ಮನೆ ಪಾತ್ರೇಲಿ ಬೇಡ, ಅಷ್ಟೇ, ಅಂದ. ಹಾಗಾಗಿ ಭಾನುವಾರ ಸೆಲ್ವಿಯಕ್ಕನ ಹಿತ್ತಲಲ್ಲಿ ನನಗೊಂದು ಮೊಟ್ಟೆ, ಅವಳು ಕುದಿಯುವ ನೀರಿನಿಂದ ತೆಗೆದು ಕಲ್ಲಿಗೆ ಬಡಿದು ಸಿಪ್ಪೆ ಸುಲಿಯುತ್ತಿದ್ದಳು, ಒಳಗಿನಿಂದ ಅದು ಅಷ್ಟು ಬೆಳ್ಳಗೆ, ಅಷ್ಟು ನುಣ್ಣಗೆ ಬರುತ್ತಿತ್ತು, ಉಪ್ಪು ಮೆಣಸು ಉದುರಿಸಿ ನನ್ನ ಅಂಗೈಯಲ್ಲಿ ಇಡುತ್ತಿದ್ದಳು, ಸಾಪ್ಪಿಡು ಕಣ್ಣಾ, ಬಿಸಿ ಇರುವಾಗಲೇ ತಿಂದ್ಬಿಡು. ನನಗೆ ಇಷ್ಟವಾಗಿತ್ತು, ಅದನ್ನು ಅಲ್ಲಿ ಇಲ್ಲಿ ಹೇಳುವಂತಿರಲಿಲ್ಲ. ಒಂದು ಭಾನುವಾರ ಕೈ ತೊಳೆದುಕೊಂಡು ಮನೆಗೆ ಬಂದಾಗ ಅಜ್ಜಿ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು, ತಲೆಯನ್ನೂ ಎತ್ತಲಿಲ್ಲ, ತಿನ್ನು ತಿನ್ನು, ನಮ್ಮನೇರಿಗೆ ಅದು ಇಳಿಯಾದಿಲ್ಲ ನೋಡ್ಕ, ಗಂಟಲಲ್ಲೇ ಕೂತ್ಕಳತ್ತೆ, ಅಂದಳು. ಅಂದು ಮೊರದಲ್ಲಿ ಕೇರಿದಳು, ಕಲ್ಲು ಬಿಸಾಕಿದಳು, ಮರೆತೂ ಬಿಟ್ಟಿರಬೇಕು.

ನಾನು ಮರೆಯಲಿಲ್ಲ, ಹೇಗೆ ಮರೆಯಲಿ, ಸ್ವಲ್ಪ ದಿನಕ್ಕೇ ಅದು ನಿಜವಾಯಿತಲ್ಲ — ಬಸ್ಸು ಮಾಚೇನಹಳ್ಳಿಯಲ್ಲಿ ನಿಂತಿದೆ, ಹಾಲಿನ ಡೈರಿಯ ಹುಡುಗರು ಹತ್ತುತ್ತಿದ್ದಾರೆ, ಒಬ್ಬೊಬ್ಬನ ಕತ್ತಿನಲ್ಲೂ ಅದು — ಸ್ನಾನ ಮಾಡುವಾಗ ಕೈಗೆ ಸಿಕ್ಕಿತು, ಗಂಟಲ ನಡುವೆ, ಗಟ್ಟಿಯಾಗಿ, ನುಂಗಿದರೆ ಮೇಲೆ ಬರುತ್ತದೆ, ಬಿಟ್ಟರೆ ಕೆಳಗೆ ಹೋಗುತ್ತದೆ, ಆದರೆ ಇಳಿದು ಹೋಗುವುದಿಲ್ಲ. ಅಲ್ಲೇ ಕೂತಿದೆ. ಅನ್ನದ ಉಂಡೆ ನುಂಗಿದೆ, ಬಾಳೆಹಣ್ಣು ನುಂಗಿದೆ, ಹಿತ್ತಲಿಗೆ ಹೋಗಿ ಬೆರಳು ಹಾಕಿ ವಾಂತಿ ಮಾಡಿದೆ, ಹೋಗಲಿಲ್ಲ. ಆಮೇಲೆ ದನಿಯೂ ಹೋಯಿತು, ಮಾತು ಶುರುವಾದಾಗ ನನ್ನದು, ಮುಗಿಯುವಷ್ಟರಲ್ಲಿ ಯಾರದೋ ಗಂಡಸಿನದು, ನಡುವೆ ಬಾಗಿಲು ಕಿರುಗುಟ್ಟಿದ ಹಾಗೆ. ಅದು ದಾರಿಗೆ ಅಡ್ಡ ಕೂತಿರುವಾಗ ದನಿ ಹೇಗೆ ಬಂದೀತು. ನಾನು ಹಾಡುತ್ತಿದ್ದೆ ಆಗ, ಇದನ್ನು ಈಗ ಹೇಳಿದರೆ ಹೆಂಡತಿ ಕೂಡ ನಂಬುವುದಿಲ್ಲ, ಶಾಲೆಯ ಪ್ರಾರ್ಥನೆಗೆ ನಾನೇ, ಶರಣರ ಜಯಂತಿಗೆ ವಚನ ಹಾಡಲು ನಾನೇ, ಆಕಾಶವಾಣಿಯ ಮಕ್ಕಳ ಕಾರ್ಯಕ್ರಮಕ್ಕೆ ಶಾಲೆಯಿಂದ ನನ್ನನ್ನು ಆರಿಸಿದ್ದರು, ಅಪ್ಪ ಕಾರ್ಖಾನೆಯಲ್ಲಿ ತನ್ನ ಶಿಫ್ಟಿನವರಿಗೆಲ್ಲ ಹೇಳಿಕೊಂಡು ಬಂದಿದ್ದ, ಹೊಳೆಹೊನ್ನೂರಿನಲ್ಲಿ ಅಮ್ಮ ರೇಡಿಯೋಗೆ ಹೊಸ ಸೆಲ್ಲು ಹಾಕಿಸಿಕೊಂಡು ಕೂತಿದ್ದಳು. ನಾನು ಹೋಗಲ್ಲ ಅಂದೆ. ಯಾಕೋ, ಅಂದ ಅಪ್ಪ. ಹೋಗಲ್ಲ. ಕತ್ತಿಗೆ ಟವೆಲ್ಲು ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದೆ, ನನ್ನ ಬದಲಿಗೆ ಹಿಂದಿನ ಬೀದಿಯ ವಿಷ್ಣು ಹೋಗಿ ಹಾಡಿದ, ಸೆಲ್ವಿಯಕ್ಕನ ಮನೆಯ ರೇಡಿಯೋದಿಂದ ಗೋಡೆ ದಾಟಿ ಕೇಳಿಸಿತು, ಚೆನ್ನಾಗಿಯೇ ಹಾಡಿದ. ಅಜ್ಜಿ ಶೀತ ಎಂದುಕೊಂಡು ಮೆಣಸಿನ ಕಷಾಯ ಕುಡಿಸಿದಳು, ಅಪ್ಪ ಸೊಕ್ಕು ಎಂದುಕೊಂಡ, ಮೇಷ್ಟ್ರು ಹೆದರಿಕೆ ಎಂದುಕೊಂಡರು, ಒಬ್ಬೊಬ್ಬರೂ ಏನೋ ಒಂದು ಅಂದುಕೊಂಡರು. ನಾನು ಯಾರಿಗೂ ಹೇಳಲಿಲ್ಲ, ಹೇಳಿದರೆ ಔಷಧ ಕೊಟ್ಟದ್ದು ಅಪ್ಪನ ತಪ್ಪಾಗುತ್ತದೆ, ಬೇಯಿಸಿದ್ದು ಸೆಲ್ವಿಯಕ್ಕನ ತಪ್ಪಾಗುತ್ತದೆ, ಗೋಡೆಯ ಎರಡೂ ಕಡೆ ಜಗಳವಾಗುತ್ತದೆ, ಇದೆಲ್ಲ ಹದಿಮೂರು ವರ್ಷದ ತಲೆಯೊಳಗೆ. ಸಾಯುತ್ತೇನೆ ಎಂದೇ ಅಂದುಕೊಂಡಿದ್ದೆ. ಅಮ್ಮ ಬರುವುದರೊಳಗೆ ಸಾಯಬಾರದು ಎಂದಷ್ಟೇ ಬೇಡಿಕೊಳ್ಳುತ್ತಿದ್ದೆ.

ಅಪ್ಪನ ಕತ್ತು ನೋಡಿದ್ದು ಒಂದು ಬೆಳಿಗ್ಗೆ, ಆಕಸ್ಮಿಕವಾಗಿ, ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆದುಕೊಳ್ಳುತ್ತಿದ್ದ, ನೊರೆ ಹಚ್ಚಿದ ಗಲ್ಲ ಎತ್ತಿದ, ಬ್ಲೇಡು ಕೆಳಗಿನಿಂದ ಮೇಲಕ್ಕೆ ಬಂತು, ನೊರೆ ಸರಿದ ಜಾಗದಲ್ಲಿ ಅದು. ನನ್ನದಕ್ಕಿಂತ ದೊಡ್ಡದು. ಅಪ್ಪ ಉಗುಳು ನುಂಗಿದ, ಅದು ಏರಿತು, ಇಳಿಯಿತು. ನನಗೆ ಮೊದಲು ಹೊಳೆದದ್ದು ಏನು, ಈಗಲೂ ನಗು ಬರುತ್ತದೆ — ಅಯ್ಯೋ, ಅಪ್ಪನೂ ತಿಂದಿದ್ದಾನೆ! ಯಾವಾಗ ತಿಂದ, ಯಾರ ಮನೆಯಲ್ಲಿ, ಅಜ್ಜಿಗೆ ಗೊತ್ತಿದೆಯೇ. ಅವತ್ತು ಶಾಲೆಗೆ ಹೋಗುವ ದಾರಿಯುದ್ದಕ್ಕೂ ನಾನು ಕತ್ತುಗಳನ್ನೇ ನೋಡಿದೆ, ಸೈಕಲ್ಲಿನ ಮೇಲೆ ಕಾರ್ಖಾನೆಗೆ ಹೋಗುವವರು, ಪೋಸ್ಟ್‌ಮ್ಯಾನು, ಹೋಟೆಲಿನ ಗಲ್ಲಾದಲ್ಲಿ ಕೂತ ಭಟ್ಟರು, ಗಣಿತದ ಮೇಷ್ಟ್ರು, ಎಲ್ಲರ ಗಂಟಲಲ್ಲೂ ಕೂತಿದೆ, ಇಡೀ ಭದ್ರಾವತಿಯೇ ಮೊಟ್ಟೆ ತಿಂದಿದೆ! ಸೋಮವಾರ ಮನೆಗೆ ಪೂಜೆಗೆ ಬಂದ ಅಯ್ಯನವರು ಹಾಲಿನ ಲೋಟ ಎತ್ತಿದರು, ನಾನು ಕಂಬದ ಮರೆಯಿಂದ ಉಸಿರು ಬಿಗಿಹಿಡಿದು ನೋಡಿದೆ, ಅಲ್ಲೂ ಏರಿತು, ಅಲ್ಲೂ ಇಳಿಯಿತು, ಅಜ್ಜಿ ಅವರ ಕಾಲಿಗೆ ಬಿದ್ದಳು. ಆಗ ತಲೆಗೆ ಹೋಯಿತು, ಇದು ಮೊಟ್ಟೆಯಲ್ಲ, ಇದು ಗಂಡಸರಿಗೆ ಇರುವುದು, ನನಗೂ ಬಂದಿದೆ, ಅಷ್ಟೇ. ಟವೆಲ್ಲು ತೆಗೆದು ದಾರದ ಮೇಲೆ ಒಣಹಾಕಿದೆ. ಯಾರೂ ಕೇಳಲಿಲ್ಲ, ಅಷ್ಟರಲ್ಲಿ ಸ್ಫೂರ್ತಿ ಹುಟ್ಟಿದ ಸುದ್ದಿ ಬಂದಿತ್ತು, ಸಕ್ಕರೆ ಹಂಚುವ ಗಲಾಟೆ. ಹಾಡು ಮಾತ್ರ ಬರಲಿಲ್ಲ ಮತ್ತೆ, ದನಿ ಬಂತು, ಹಾಡುವ ಧೈರ್ಯ ಬರಲಿಲ್ಲ, ಅದಕ್ಕಾಗಿ ನಾನು ಈಗಲೂ ಒಳಗೊಳಗೆ ಅಳುತ್ತೇನೆ, ನಾಚಿಕೆಯೇನಿಲ್ಲ. ಇಷ್ಟು ಜನರಿದ್ದರಲ್ಲ, ಒಂದು ಊರು ತುಂಬ ಗಂಡಸರು, ಒಬ್ಬನಾದರೂ ಗಲ್ಲ ಎತ್ತಿ, ಇಲ್ಲಿ ನೋಡೋ ಮರಿ, ನಂಗೂ ಇದೆ, ಅಂದಿದ್ದರೆ. ಆ ಒಂದು ಮಾತಿಗಾಗಿ ಬರೆಯುತ್ತೇನೆ, ಪ್ರಿಯದರ್ಶಿನಿ ಮೇಡಂ, ಬೇರೆ ಕಾರಣವಿಲ್ಲ, ಪುಸ್ತಕ ಮಾಡುವುದೆಂದರೆ ನನಗೆ ಗಲ್ಲ ಎತ್ತುವುದು, ಆದರೆ ಇದನ್ನು ಶಾಲು ಹೊದ್ದುಕೊಂಡು ಮೈಕಿನಲ್ಲಿ ಹೇಗೆ ಹೇಳಲಿ. ಮೊಟ್ಟೆಯ ಕಥೆಯನ್ನು ಮಾತ್ರ ನಾನು ಎಲ್ಲೂ ಬರೆದಿಲ್ಲ. ಬೇರೆ ಮಕ್ಕಳ ಭಯಗಳನ್ನು ಕಟ್ಟಿ ಕಟ್ಟಿ ಬರೆದೆ, ನನ್ನದನ್ನು ಟವೆಲ್ಲಿನಲ್ಲೇ ಇಟ್ಟುಕೊಂಡೆ.

ಕಡದಕಟ್ಟೆ ದಾಟಿತು, ಸೇತುವೆ, ಕೆಳಗೆ ಭದ್ರೆ, ನ್ಯೂಟೌನಿನ ರಸ್ತೆಯಲ್ಲಿ ಹಳೆಯ ಮರಗಳು ಹಾಗೇ ಇವೆ, ಸೈರನ್ ಮಾತ್ರ ಇಲ್ಲ, ಹೊತ್ತು ಎಷ್ಟೆಂದು ಯಾರೂ ಕೂಗಿ ಹೇಳುವುದಿಲ್ಲ ಈಗ. ಶಾಲೆಯ ಗೇಟಿನಲ್ಲಿ ಸ್ಫೂರ್ತಿ ನಿಂತಿದ್ದಾಳೆ, ಕಣ್ಣಿನ ಕೆಳಗೆ ಕಪ್ಪು, ಅಣ್ಣ, ಬೆಳಿಗ್ಗೆ ಎರಡು ಗುಟುಕು ಹಾಲು, ಅಷ್ಟೇ, ಅದೂ ಬಚ್ಚಲುಮನೆ ಬಾಗಿಲು ಹಾಕ್ಕೊಂಡು. ಕಾರಿಡಾರಿನಲ್ಲಿ ಮಕ್ಕಳ ಸಾಲು ಹಾಲ್‌ಗೆ ಹೋಗುತ್ತಿದೆ, ಅಕ್ಷರಾ ಕೊನೆಯಲ್ಲಿದ್ದಾಳೆ, ನೀಲಿ ಮಾಸ್ಕು, ಎಷ್ಟು ಎತ್ತರವಾಗಿದ್ದಾಳೆ, ಮಣಿಕಟ್ಟು ಎಷ್ಟು ಸಣ್ಣಗಾಗಿದೆ. ನನ್ನನ್ನು ನೋಡಿ ಕಣ್ಣು ನಕ್ಕಿತು, ಕೂಡಲೇ ಬೇರೆ ಕಡೆ ತಿರುಗಿತು. ಕುಡಿಯುವ ನೀರಿನ ಡ್ರಮ್ಮಿನ ಹತ್ತಿರ ನಿಂತಳು, ಆಚೆ ಈಚೆ ನೋಡಿದಳು, ಗೋಡೆಗೆ ಮುಖ ಮಾಡಿದಳು, ಮಾಸ್ಕಿನ ಕೆಳಗಿನ ಅಂಚನ್ನು ಒಂದು ಬೆರಳಿನಿಂದ ಅಷ್ಟೇ ಅಷ್ಟು ಎತ್ತಿ ಲೋಟ ಒಳಗೆ ತೂರಿಸಿ ಒಂದು ಗುಟುಕು ಕುಡಿದಳು, ಹಿಂದೆ ಯಾರೋ ನಕ್ಕ ಸದ್ದಿಗೆ ಉಳಿದ ನೀರನ್ನು ಚೆಲ್ಲಿಬಿಟ್ಟಳು. ಗೋಡೆಗೆ ಮುಖ ಮಾಡುವುದು ನನಗೆ ಗೊತ್ತು. ಏನಿದೆ ಅದರ ಕೆಳಗೆ ಎಂದು ಇನ್ನು ನನಗೆ ಕೇಳಬೇಕಾಗಿಲ್ಲ, ಏನೇ ಇರಲಿ, ಅವಳ ಗಂಟಲಲ್ಲೂ ಒಂದು ಕೂತಿದೆ, ಯಾರೋ ಅಕ್ಕಿ ಆರಿಸುತ್ತ ಅಂದದ್ದು.

ಸ್ವಾಗತ, ಪರಿಚಯ, ಹೂಗುಚ್ಛ, ಶಾಲು, ಖ್ಯಾತ ಮಕ್ಕಳ ಸಾಹಿತಿ ಶಿವಯೋಗಿಯವರು, ಮೈಕು ಕೈಗೆ ಬಂತು, ಮಕ್ಕಳ ಮನಸ್ಸು ಎಂದೆ, ಮೊದಲ ಸಾಲಿನವನು ಕಾಲ್ಬೆರಳಿಗೆ ಕೈ ಹಾಕಿದ, ಅಷ್ಟಕ್ಕೇ ನಿಲ್ಲಿಸಿದೆ. ಶಾಲು ತೆಗೆದು ಕುರ್ಚಿಯ ಮೇಲಿಟ್ಟೆ, ಕಾಲರಿನ ಗುಂಡಿ ಬಿಚ್ಚಿದೆ, ಗಲ್ಲ ಎತ್ತಿದೆ, ಇಲ್ಲಿ ನೋಡ್ರೋ, ಇದೇನು ಗೊತ್ತಾ, ಮೊಟ್ಟೆ, ಅಂದೆ. ಕಾಲ್ಬೆರಳಿನ ಎಣಿಕೆ ನಿಂತಿತು. ಹೇಳಿಬಿಟ್ಟೆ, ಸೆಲ್ವಿಯಕ್ಕನ ಹಿತ್ತಲು, ಕಲ್ಲಿಗೆ ಬಡಿದ ಸಿಪ್ಪೆ, ಬಚ್ಚಲುಮನೆ, ವಾಂತಿ, ರೇಡಿಯೋ, ಅಪ್ಪನ ಬ್ಲೇಡು, ಅಯ್ಯನವರ ಹಾಲಿನ ಲೋಟ, ಹಾಲ್ ನಗುತ್ತದೆ, ಗಂಡುಮಕ್ಕಳ ಕೈಗಳು ಒಂದೊಂದಾಗಿ ತಮ್ಮ ತಮ್ಮ ಗಂಟಲಿಗೆ ಹೋಗುತ್ತವೆ, ಕೆಲವರು ಮುಟ್ಟಿ ನೋಡಿ ಪಕ್ಕದವನದನ್ನೂ ಮುಟ್ಟುತ್ತಾರೆ, ಹಿಂದಿನ ಬೆಂಚಿನ ಒಬ್ಬ ದೊಡ್ಡ ಉಸಿರು ಬಿಟ್ಟದ್ದು ನನಗೆ ಇಲ್ಲಿಂದ ಕಾಣುತ್ತದೆ. ಅಜ್ಜಿಯನ್ನೂ ಬಿಡಲಿಲ್ಲ, ಇದ್ದ ಹಾಗೇ ಹೇಳಿದೆ, ನಮ್ಮಜ್ಜಿಗೆ ಮೀಸೆ ಇತ್ತು ಕಣ್ರೋ, ಸುಳ್ಳಲ್ಲ, ಬೈಯುವಾಗ ಅದು ಕುಣೀತಿತ್ತು. ದೊಡ್ಡ ನಗು. ನಗುವಿನ ನಡುವೆ ಅಕ್ಷರಾಳ ಕಣ್ಣು ಮಾತ್ರ ನಗದೆ ನಿಂತಿದೆ, ರೆಪ್ಪೆ ಬಡಿಯುತ್ತಿಲ್ಲ, ನಾನು ಏನೋ ಮುರಿದುಬಿಟ್ಟೆ, ಏನು ಮುರಿದೆ ಎಂದು ತಿಳಿಯುವ ಮೊದಲೇ ಅವಳ ಕೈ ಮೇಲೆದ್ದಿತು, ಎದ್ದು ನಿಂತಳು. ಸಾರ್, ಅಂದಳು, ಮಾವ, ಅಂದಳು, ಮಾಸ್ಕಿನೊಳಗಿನಿಂದ ದನಿ ಸಣ್ಣಗೆ, ಆ ಅಜ್ಜಿ ಅದನ್ನ ಮುಚ್ಕೊಳ್ತಿದ್ರಾ?

ಓ. ಓ ನನ್ನ ಕಂದ. ಅಷ್ಟೇನಾ, ಅಷ್ಟೇ ಅಲ್ಲ, ಅದು ಎಷ್ಟು ದೊಡ್ಡದೆಂದು ನನಗೆ ಗೊತ್ತು, ನನ್ನದೂ ಒಂದು ಸಣ್ಣ ಗಂಟಲ ಗಂಟೇ ಆಗಿತ್ತಲ್ಲ. ಬಾಗಿಲಲ್ಲಿ ನಿಂತ ಸ್ಫೂರ್ತಿಯ ಕೈ ಬಾಯಿಗೆ ಹೋಯಿತು, ನಾನು ತಡವರಿಸಬಾರದು, ಕರುಣೆ ತೋರಿಸಬಾರದು, ನಿಜ ಹೇಳಬೇಕು, ನಿಜವೇ ಸಾಕಷ್ಟಿದೆ. ಮುಚ್ಕೊಳ್ಳೋದಾ, ಅಂದೆ, ಒಂದು ದಿನಾನೂ ಇಲ್ಲ. ಮಜ್ಜಿಗೆ ಕುಡಿದ್ರೆ ಅದಕ್ಕೆ ಬೆಣ್ಣೆ ಅಂಟ್ಕೊಳ್ತಿತ್ತು, ಸೆರಗಲ್ಲಿ ಒರೆಸ್ಕೊಂಡು ಇನ್ನೊಂದು ಲೋಟ ಕುಡೀತಿದ್ಲು. ಅದಿಟ್ಕೊಂಡೇ ಮದುವೆ ಆದ್ಲು, ಅದಿಟ್ಕೊಂಡೇ ನಮ್ಮಪ್ಪನ್ನ ಹೆತ್ತು ಸಾಕಿದ್ಲು, ಅದಿಟ್ಕೊಂಡೇ ಇಡೀ ಬೀದಿನ ಹೆದರಿಸ್ತಿದ್ಲು. ಬೇಡ ಅನ್ಸಿದ್ರೆ ತೆಗೆಸ್ತಿದ್ಲೇನೋ, ಅದು ಅವಳಿಷ್ಟ, ಹಸ್ಕೊಂಡು ಮಾತ್ರ ಒಂದು ಹೊತ್ತೂ ಇರ್ಲಿಲ್ಲ. ಅವಳ ಮೂಗು ನಂಗೆ ಬಂದಿದೆ, ಗಂಟಲು ನಿಮ್ಮಮ್ಮಂಗೆ ಬಂದಿದೆ, ಯಾರ್ಯಾರಿಗೆ ಇನ್ನೇನೇನು ಬಂದಿದೆಯೋ ನೋಡ್ಬೇಕು. ಮತ್ತೆ ನಗು, ಈ ಸಲ ಬೇರೆ ನಗು. ಅಕ್ಷರಾ ಕೂತಳು. ಮಾಸ್ಕು ತೆಗೆಯಲಿಲ್ಲ. ಗಂಟೆ ಹೊಡೆಯಿತು, ಊಟದ ಗಂಟೆ.

ಜಗುಲಿಯಲ್ಲಿ ಸಾಲಾಗಿ ತಟ್ಟೆಗಳು, ಅನ್ನ, ಸಾಂಬಾರು, ಅಡುಗೆಯ ಹೂವಮ್ಮ ಎರಡು ಬುಟ್ಟಿ ಹಿಡಿದು ಬರುತ್ತಿದ್ದಾಳೆ, ಒಂದರಲ್ಲಿ ಬೇಯಿಸಿದ ಮೊಟ್ಟೆ, ಒಂದರಲ್ಲಿ ಬಾಳೆಹಣ್ಣು, ಈಗ ಯಾವ ಹಿತ್ತಲೂ ಬೇಡ, ಬೇಕಾದವರು ಬೇಕಾದ್ದು ಎತ್ತಿಕೊಳ್ಳುತ್ತಾರೆ. ನಾನು ಅಕ್ಷರಾಳ ಪಕ್ಕ ನೆಲದ ಮೇಲೆ ಕೂತೆ, ಮಂಡಿ ಲಟಕ್ ಎಂದಿತು, ಅವಳ ತಟ್ಟೆ ಅವಳ ಮುಂದೆಯೇ ಇದೆ, ಪಕ್ಕಕ್ಕೆ ತಳ್ಳಿಲ್ಲ, ಅನ್ನವನ್ನು ಬೆರಳಿನಿಂದ ಸುಮ್ಮನೆ ಕಲೆಸುತ್ತಿದ್ದಾಳೆ, ನಾನು ನೋಡುವುದಿಲ್ಲ, ಬುಟ್ಟಿಯ ಕಡೆ ನೋಡುತ್ತೇನೆ. ಸಾರ್, ನಿಮಗೆ ಮೊಟ್ಟೆನೋ ಹಣ್ಣೋ, ಹೂವಮ್ಮ ಕೇಳಿದಳು, ಇಡೀ ಸಾಲು ಬಗ್ಗಿ ನನ್ನ ಕಡೆ ತಿರುಗಿತು. ಆ ಭಾನುವಾರದಿಂದ ಇವತ್ತಿನವರೆಗೆ ನಾನು ಮುಟ್ಟಿಲ್ಲ, ಎಲ್ಲ ತಿಳಿದ ಮೇಲೂ ಮುಟ್ಟಿಲ್ಲ. ಮೊಟ್ಟೆ, ಅಂದೆ. ಅಂಗೈಯಲ್ಲಿ ಬೆಚ್ಚಗೆ ಕೂತಿತು, ಕಲ್ಲು ಚಪ್ಪಡಿಗೆ ಬಡಿದೆ, ಸಿಪ್ಪೆ ಸುಲಿದೆ, ಬೆಳ್ಳಗೆ, ನುಣ್ಣಗೆ. ತಿಂತೀರಾ ಮಾವ, ನಿಜವಾಗ್ಲೂ, ಪಕ್ಕದಿಂದ ದನಿ, ಈ ಸಲ ದನಿಗೆ ಬಟ್ಟೆ ಅಡ್ಡವಿಲ್ಲ. ಡಾಕ್ಟ್ರು ಆಗ್ಲೇ ಬರೆದುಕೊಟ್ಟಿದ್ರಲ್ಲ, ಕೋರ್ಸ್ ಮುಗಿಸಿಲ್ಲ ಕಣೇ ನಾನು, ಅಂದೆ. ನಕ್ಕಳು. ಆಗ ನೋಡಿದೆ, ಮಾಸ್ಕು ಒಂದು ಕಿವಿಯಿಂದ ಕಳಚಿ ಇನ್ನೊಂದು ಕಿವಿಗೆ ನೇತಾಡುತ್ತಿದೆ, ಮೇಲ್ದುಟಿಯ ಮೇಲೆ ಕಪ್ಪಗೆ ಒಂದು ತೆಳು ಸಾಲು, ಅದಕ್ಕೆ ಅನ್ನದ ಒಂದು ಅಗುಳು ಅಂಟಿದೆ, ಬಾಯಿ ತುಂಬ ಅನ್ನ, ಎದುರು ಸಾಲಿನ ಹುಡುಗಿ ಅವಳನ್ನು ನೋಡಲೇ ಇಲ್ಲ, ಎಲ್ಲರೂ ನನ್ನ ಕತ್ತನ್ನು ನೋಡುತ್ತಿದ್ದಾರೆ, ಅಕ್ಷರಾಳೂ, ಜಗಿಯುವುದನ್ನು ನಿಲ್ಲಿಸಿ. ಮೊಟ್ಟೆ, ಬಿಳಿ ಮೊಟ್ಟೆ, ಉಪ್ಪಿಲ್ಲ, ಮೆಣಸಿಲ್ಲ, ಕಚ್ಚಿದೆ, ಗಲ್ಲ ಎತ್ತಿದೆ, ನುಂಗಿದೆ, ಏರಿತು, ಮೊಟ್ಟೆ ಏರಿತು —

ಇಳೀತು ಮಾವ, ಅಂದಳು. ಇಳೀತು.